ಗಡಿಗೆಯಲ್ಲಿ ಉಳಿದ ಹರಳು

ಕೊರೋನಾ ಮುಗಿದು ಶಾಲೆಗಳು ಮತ್ತೆ ತೆರೆದ ಎರಡನೇ ವರ್ಷ. ಅಂಗನವಾಡಿ ಮೇಲ್ವಿಚಾರಕಿಯ ಹುದ್ದೆಯಿಂದ ನಿವೃತ್ತಳಾದ ನಾನು ಆಗ ವಿಜಯಪುರದಲ್ಲಿ, ಒಬ್ಬ ಮಕ್ಕಳ ವೈದ್ಯರ ದವಾಖಾನೆಯ ಮೇಲಿನ ಕೋಣೆಯಲ್ಲಿ ‘ಪಾಲಕರ ಸಲಹೆಗಾರ್ತಿ’ ಎಂಬ ಹೊಸ ಬಿರುದು ಹೊತ್ತು ಕುಳಿತಿದ್ದೆ. ಬಿರುದು ಕೊಟ್ಟವರು ಆ ವೈದ್ಯರೇ. "ಕಮಲಾ ಅಕ್ಕಾರ, ಮನ್ಯಾಗ ಕುಂತ್ರ ಸೊಸಿ ಜೋಡಿ ಜಗಳಾ ಹಚ್ಚತೀರಿ. ಇಲ್ಲಿ ಬಂದು ಕುಂದರ್ರಿ, ನಾಕ ಮಂದಿಗೆ ದಾರಿ ತೋರಸ್ರಿ" ಎಂದಿದ್ದರು. ನನ್ನ ಸೊಸೆಯೂ ಈ ಮಾತನ್ನು ಬಹಳ ಮೆಚ್ಚಿಕೊಂಡಳು.

ಕೆಲಸ ಇಷ್ಟೇ. ಆರು ವರ್ಷದೊಳಗಿನ ಮಕ್ಕಳನ್ನು ಎಲ್ಲರಂತೆ ಎಲ್‌ಕೆಜಿಗೆ ತಳ್ಳಿ, ಪೆನ್ಸಿಲ್ ಹಿಡಿಸಿ, ಎಬಿಸಿಡಿ ಬಾಯಿಪಾಠ ಮಾಡಿಸಲು ಮನಸ್ಸಿಲ್ಲದ ತಂದೆತಾಯಿ ಬರುತ್ತಿದ್ದರು. ಅವರಿಗೆ ಬೇರೆ ಏನು ಸಿಗುತ್ತದೆ, ಎಲ್ಲಿ ಸಿಗುತ್ತದೆ ಎಂದು ನಾನು ಹುಡುಕಿ ಹೇಳಬೇಕು. ನಗರದಲ್ಲಿ ಮಾಂಟೆಸ್ಸರಿ ಪದ್ಧತಿಯ ಒಂದೆರಡು ಮನೆಗಳಿದ್ದವು. ಕೈಗೆಟಕುವ ಎತ್ತರದಲ್ಲಿ ಸಾಮಾನು ಜೋಡಿಸಿಟ್ಟು, ಮಗು ತನಗೆ ಬೇಕಾದದ್ದನ್ನು ತಾನೇ ಎತ್ತಿಕೊಂಡು ಕಲಿಯಲಿ ಎನ್ನುವ ಪದ್ಧತಿ ಅದು. ನಾಲ್ಕಾರು ಕುಟುಂಬಗಳು ಸೇರಿ ನಡೆಸುವ ಆಟದ ಗುಂಪುಗಳಿದ್ದವು. ಅಜ್ಜಿಯರು ಕತೆ ಹೇಳುವ ಅಂಗಳಗಳಿದ್ದವು. ಹೆಚ್ಚಿನವರು ಕಣ್ಣೆತ್ತಿಯೂ ನೋಡದ ಒಳ್ಳೆಯ ಅಂಗನವಾಡಿಗಳೂ ಇದ್ದವು.

ಬರುವವರಲ್ಲಿ ತರಾವರಿ ಮಂದಿ. ಪರದೇಶದ ಕಾಡಿನಲ್ಲಿ ಮಕ್ಕಳು ಮರ ಹತ್ತುವ ವಿಡಿಯೋ ತೋರಿಸಿ, "ಇಂಥಾ ಸಾಲಿ ನಮ್ಮಲ್ಲಿ ಎಲ್ಲಿ ಐತ್ರಿ?" ಎನ್ನುವವರು. ನಮ್ಮ ಸೀಮೆಯಲ್ಲಿ ಕಾಡನ್ನು ಎಲ್ಲಿಂದ ತರಲಿ ಮಾರಾಯರೇ, ಕೂಸನ್ನು ಜಾಲಿಗಿಡ ಹತ್ತಿಸಲೇ? ನಾನು ಬೈಯುತ್ತಿದ್ದೆ, ಅವರು ನಗುತ್ತಿದ್ದರು, ಕೊನೆಗೆ ಏನಾದರೊಂದು ಹೊಂದಿಕೆಯಾಗುತ್ತಿತ್ತು. ಹೊಂದಿಕೆಯಾಗದೆ ನನ್ನನ್ನು ಇಂದಿಗೂ ಬಿಡದೆ ಕಾಡುತ್ತಿರುವುದು ಜೋರಾಪುರ ಪೇಟೆಯ ಒಂದು ಮನೆ. ಆ ಮನೆಯವರ ಒಪ್ಪಿಗೆ ಪಡೆದು, ಹೆಸರುಗಳನ್ನು ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ಮಹಾಂತೇಶ ಬ್ಯಾಂಕಿನಲ್ಲಿ ಅಧಿಕಾರಿ. ಹೆಂಡತಿ ಸುಜಾತಾ ಬಬಲೇಶ್ವರದ ಒಂದು ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ, ದಿನಾ ಬಸ್ಸಿನಲ್ಲಿ ಹೋಗಿ ಬರುವಾಕೆ. ಅವರು ಬಂದಾಗ ಜೊತೆಗೆ ನಾಲ್ಕೂವರೆ ವರ್ಷದ ಮಗಳಿದ್ದಳು. ಹೆಸರು ಗೌರಿ ಎಂದರು. ಮಗು ಅವ್ವನ ಸೆರಗಿನ ಹಿಂದೆ ನಿಂತಿದ್ದಳು. ನಾಚಿಕೆಯ ಮಗು ಸೆರಗಿನ ಸಂದಿಯಿಂದ ಒಂದು ಕಣ್ಣಾದರೂ ಹಾಯಿಸುತ್ತದೆ. ಇವಳು ಹಾಗೆ ಇಣುಕಲಿಲ್ಲ. ಯಾರೋ ಅಲ್ಲಿ ಇಟ್ಟು ಹೋದ ಸಾಮಾನಿನ ಹಾಗೆ ಸುಮ್ಮನೆ ನಿಂತಿದ್ದಳು.

ಎರಡು ನರ್ಸರಿಗಳು ಅವಳನ್ನು ವಾಪಸ್ ಕಳಿಸಿದ್ದವು. ಕಾರಣ, ಮಗು ಮಾತೇ ಆಡುವುದಿಲ್ಲ. ಕಿವಿ ಪರೀಕ್ಷೆಯಾಗಿತ್ತು, ದೋಷವಿರಲಿಲ್ಲ. ಕೆಳಗಿನ ವೈದ್ಯರೂ ನೋಡಿ, ನಾಲಗೆ ಗಂಟಲು ಎಲ್ಲ ಸರಿ ಇದೆ ಎಂದಿದ್ದರು.

"ಮದಲ ಮನ್ಯಾಗರೆ ಮಾತಾಡ್ತಿದ್ಲು ಅಕ್ಕಾರ. ಈಗ ಅದೂ ಕಮ್ಮಿ ಆಗಾಕತ್ತೈತಿ" ಎಂದ ಮಹಾಂತೇಶ. "ದಿನಾ ಒಂದೊಂದ ಮಾತು ಕಳದು ಹೋಗಾಕತ್ತಾವ. ನನಗ ಅಂಜಿಕಿ ಬರಾಕತ್ತೈತ್ರಿ."

ಹಾಗಾದರೆ ಇವಳಿಗೆ ಏನು ಇಷ್ಟ, ಏನು ಕಷ್ಟ ಎಂದು ಕೇಳಿದೆ. ಸುಜಾತಾ ಅರಳಿದಳು. "ಬಣ್ಣ ಅಂದ್ರ ಜೀವಾ ಬಿಡ್ತಾಳ್ರಿ. ಎಡಗೈಲೆ ಚಿತ್ರಾ ತಗೀತಾಳ, ಅದಕ್ಕ ಸಾಲ್ಯಾಗ ಬೈತಿದ್ರು. ಹಾಡು ಒಮ್ಮೆ ಕೇಳಿದ್ರ ಸಾಕು, ತಿರುಗಿ ಹಾಡ್ತಾಳ. ಕತ್ತಲ ಅಂದ್ರ ಭಾಳ ಅಂಜತಾಳ, ದೀಪ ಹಚ್ಚೇ ಮಲಗಸಬೇಕು. ಯಾರರೆ ಜೋರ ಮಾಡಿದ್ರ ಜ್ವರಾನ ಬರ್ತಾವ. ಈ ಸಲ ಆಕೀನ್ನ ಯಾರೂ ಬೈಬಾರದು ಅಕ್ಕಾರ."

‘ಈ ಸಲ’ ಎಂಬ ಮಾತನ್ನು ನಾನು ಕೇಳಿದೆ. ಎರಡು ಸಲ ಶಾಲೆಯಿಂದ ವಾಪಸಾದ ಮಗು, ಅದಕ್ಕೇ ಹಾಗೆ ಅಂದಿರಬೇಕು ಎಂದುಕೊಂಡೆ. ಇಂಥ ಪ್ರಕರಣಗಳಲ್ಲಿ ಮೊದಲು ಮನೆಗೆ ಹೋಗಿ ನೋಡುವುದು ನನ್ನ ಹಳೆಯ ರೂಢಿ. ಬರುತ್ತೇನೆ ಎಂದರೆ ಸುಜಾತಾ ಗಡಬಡಿಸಿದಳು. "ಮನೀಗೆ ಬ್ಯಾಡ್ರಿ, ನಮ್ಮ ಅತ್ತಿಯವರಿಗೆ ಆರಾಮಿಲ್ಲ." ದೀಪಾವಳಿಯೊಳಗೆ ಒಂದು ಜಾಗ ಸಿಗದಿದ್ದರೆ ಶಾಲೆಯ ಉಸಾಬರಿಯೇ ಬೇಡ, ಮಗುವನ್ನು ಅತ್ತೆಯ ಹತ್ತಿರ ಮನೆಯಲ್ಲೇ ಬಿಡುತ್ತೇವೆ ಎಂದೂ ಹೇಳಿದಳು. ಮಹಾಂತೇಶ ಅದನ್ನು ಕೇಳಿ ನೆಲ ನೋಡಿದ. ಮನೆಯಲ್ಲೇ ಉಳಿದರೆ ಮಗುವಿನ ಇದ್ದಬದ್ದ ಮಾತೂ ನಿಂತುಹೋಗುತ್ತದೆ ಎಂಬ ಭಯ ಅವನ ಮುಖದಲ್ಲಿತ್ತು. ನನಗೂ ಹಾಗೇ ಅನ್ನಿಸಿತು.

ಮೊದಲು ನಗರದಲ್ಲೇ ಒಂದು ಮಾಂಟೆಸ್ಸರಿ ಮನೆಗೆ ಸೇರಿಸಿದೆ. ನಡೆಸುವಾಕೆ ತಾಳ್ಮೆಯ ಹೆಂಗಸು. ಎಡಗೈ ಮಗು, ಬಣ್ಣದ ಹುಚ್ಚು ಎಂದು ಹೇಳಿದ್ದೆನಲ್ಲ, ಪಾಪ, ಅವಳು ಕಿಟಕಿಯ ಹತ್ತಿರ ಎಡಗೈಗೆ ಅನುಕೂಲವಾಗುವಂತೆ ಮಣೆ ಹಾಕಿ ಬಣ್ಣದ ಡಬ್ಬಿಗಳನ್ನು ಜೋಡಿಸಿಟ್ಟಿದ್ದಳು. ಮಗು ಬಣ್ಣವನ್ನು ಮುಟ್ಟಲೇ ಇಲ್ಲ. ಎರಡು ವಾರ ಕಳೆದ ಮೇಲೆ ಅವಳ ಫೋನ್ ಬಂತು.

"ಅಕ್ಕಾರ, ತಪ್ಪ ತಿಳ್ಕೋಬ್ಯಾಡ್ರಿ. ನೀವು ಹೇಳಿದ ಹುಡುಗಿ ಬ್ಯಾರೆ, ಇಲ್ಲಿ ಬಂದಾಕಿ ಬ್ಯಾರೆ."

"ಏನ್ ಹಂಗಂದ್ರ?"

"ಏನೂ ಕೂಡಂಗಿಲ್ರಿ. ಹಾಡು ಹಚ್ಚಿದ್ರ ಎದ್ದು ಹೊರಗ ಹೋಗ್ತಾಳ. ಕತ್ತಲಾಗ ಅಂಜತಾಳ ಅಂದ್ರಿ, ಆಕಿ ನೋಡಿದ್ರ ಅಡಗಿ ಸಾಮಾನಿನ ಕತ್ತಲ ಖೋಲ್ಯಾಗ ಹೋಗಿ ಒಬ್ಬಾಕಿನ ಕುಂದರ್ತಾಳ. ಅಲ್ಲಿ ಆರಾಮ ಇರ್ತಾಳ."

ನನಗೆ ಸಿಟ್ಟು ಬಂತು. ತಾಯಿ ತನ್ನ ಮಗಳನ್ನೇ ಅರಿಯಳೇ? ಇದು ಆ ಹೆಂಗಸಿನ ಉಡಾಫೆ ಎಂದುಕೊಂಡು, ಮಗುವನ್ನು ಟಿಕೋಟಾದ ಒಂದು ಆಟದ ಗುಂಪಿಗೆ ದಾಟಿಸಿದೆ. ದ್ರಾಕ್ಷಿ ಬೆಳೆಯುವ ದಂಪತಿ ತಮ್ಮ ತೋಟದ ಮನೆಯಲ್ಲಿ, ಸುತ್ತಲಿನ ಕೆಲವು ಮಕ್ಕಳನ್ನು ಸೇರಿಸಿಕೊಂಡು ನಡೆಸುತ್ತಿದ್ದ ಗುಂಪದು. ಮಣ್ಣು, ನೀರು, ಆಡಿನ ಮರಿ, ಒಣದ್ರಾಕ್ಷಿ ಶೆಡ್ಡಿನ ನೆರಳು. ಮಹಾಂತೇಶ ಬೆಳಿಗ್ಗೆ ಬೈಕಿನಲ್ಲಿ ಬಿಟ್ಟು ಬರುತ್ತಿದ್ದ, ಸಂಜೆ ಸುಜಾತಾ ಬಂದು ಕರೆದೊಯ್ಯುತ್ತಿದ್ದಳು.

ಅಲ್ಲಿಯೂ ಮಾತಿಲ್ಲ. ಆದರೆ ಆ ಮನೆಯ ಗೃಹಿಣಿ ಒಂದು ಸಂಗತಿ ಹೇಳಿದಳು. ಮಗು ಯಾರೂ ನೋಡದಿದ್ದಾಗ ಕಡ್ಡಿ ಹಿಡಿದು ಮಣ್ಣಿನಲ್ಲಿ ಗೀಚುತ್ತಾಳಂತೆ, ಬಲಗೈಯಿಂದ. ಸಂಜೆ ಸುಜಾತಾ ಗೇಟಿನ ಹತ್ತಿರ ಕಾಣಿಸಿದ ಕೂಡಲೇ ಕಡ್ಡಿಯನ್ನು ಎಡಗೈಗೆ ಬದಲಿಸುತ್ತಾಳಂತೆ.

"ಒಮ್ಮೆ ಅಲ್ಲ ಅಕ್ಕಾರ, ದಿನಾ" ಎಂದಳು ಆಕೆ. "ಯಾರೂ ಹೇಳಂಗಿಲ್ಲ, ಕೇಳಂಗಿಲ್ಲ. ಅವ್ವನ ಸೀರಿ ಬಣ್ಣ ಕಂಡ್ರ ಸಾಕು, ಕೈ ಬದಲಿ."

ಆ ಮಾತು ಕೇಳಿದ ಮೇಲೆ ಯಾರಿಗೆ ಆರಾಮಿರಲಿ ಬಿಡಲಿ, ನಾನು ತಡೆಯಲಿಲ್ಲ. ಮರುದಿನವೇ ಮುನ್ಸೂಚನೆ ಕೊಡದೆ ಜೋರಾಪುರ ಪೇಟೆಗೆ ಹೋದೆ.

ಹಳೆಯ ಕಾಲದ ಮನೆ, ದಪ್ಪ ಗೋಡೆ, ಹೊರಗಿನ ಗದ್ದಲ ಒಳಗೆ ಕೇಳುವುದಿಲ್ಲ. ಸುಜಾತಾ ಕಾಲೇಜಿಗೆ ಹೋಗಿದ್ದಳು. ಮಹಾಂತೇಶ ರಜೆಯಲ್ಲಿದ್ದ, ಮಗುವನ್ನೂ ಅಂದು ಟಿಕೋಟಾಕ್ಕೆ ಕಳಿಸಿರಲಿಲ್ಲ. ನನ್ನನ್ನು ಕಂಡು ಬಾಗಿಲಲ್ಲಿ ಒಂದು ಗಳಿಗೆ ನಿಂತು, ಆಮೇಲೆ ದಾರಿ ಬಿಟ್ಟ. ಅವನ ತಾಯಿ ಗಂಗಮ್ಮ ಪಡಸಾಲೆಯಲ್ಲಿ ಕುಳಿತು ಶೇಂಗಾ ಸುಲಿಯುತ್ತಿದ್ದರು. ಅವರಿಗೆ ಯಾವ ರೋಗವೂ ಇದ್ದಂತೆ ಕಾಣಲಿಲ್ಲ. ಅವರ ಪಕ್ಕ ಮಗು ಕುಳಿತಿದ್ದಳು, ಎಡಗೈಯಲ್ಲಿ ಬಣ್ಣದ ಕಡ್ಡಿ ಹಿಡಿದು, ಏನನ್ನೂ ಬರೆಯದೆ.

ಗೋಡೆಯ ಮೇಲೆ ಒಂದು ಫೋಟೋ. ಹೊಸ ಯೂನಿಫಾರ್ಮ್ ತೊಟ್ಟ, ಸುಮಾರು ಐದು ವರ್ಷದ ಹುಡುಗಿ, ನಕ್ಕಿದ್ದಾಳೆ, ಎಡಗೈಯಲ್ಲಿ ತನ್ನದೇ ಚಿತ್ರವನ್ನು ಎತ್ತಿ ತೋರಿಸುತ್ತಿದ್ದಾಳೆ. ಮಗುವಿನದೇ ಮುಖ, ಅದೇ ಗುಂಗುರು ಕೂದಲು. ಆದರೆ ಕೆಳಗೆ ಕುಳಿತ ಮಗುವಿಗೆ ಇನ್ನೂ ಐದು ತುಂಬಿರಲಿಲ್ಲ, ಆ ಯೂನಿಫಾರ್ಮಿನ ಶಾಲೆಗೆ ಇವಳು ಹೋಗಿಯೂ ಇರಲಿಲ್ಲ.

"ಇದು ಯಾರ ಫೋಟೋ ಯವ್ವಾ?" ಎಂದೆ.

"ನಮ್ಮ ಗೌರೀದು."

"ಈ ಗೌರೀದ?"

ಗಂಗಮ್ಮ ಶೇಂಗಾ ಸುಲಿಯುವುದನ್ನು ನಿಲ್ಲಿಸದೆ ಅಂದರು, "ಗೌರಿ ಒಬ್ಬಾಕಿನ ಬೇ. ಸಿಟ್ಟಾಗಿ ಹೋಗಿದ್ಲು, ತಿರಗಿ ಬಂದಾಳ."

ನಾನು ಮಗುವಿನ ಕಡೆ ನೋಡಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಅಷ್ಟು ದಿನಗಳಲ್ಲಿ ಅವಳು ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಹೇಳುತ್ತೇನೆ, ಮೂವತ್ತಕ್ಕೂ ಹೆಚ್ಚು ವರ್ಷ ಊರೂರು ಅಲೆದವಳು ನಾನು, ಹಾಡಹಗಲಲ್ಲಿ ಒಂದು ಮನೆಯ ಪಡಸಾಲೆಯಲ್ಲಿ ಹಾಗೆ ಹೆದರಿದ್ದಿಲ್ಲ.

ಹೊರಗೆ ಕಟ್ಟೆಯ ಮೇಲೆ ಕುಳಿತು ಮಹಾಂತೇಶ ಎಲ್ಲ ಹೇಳಿದ. ಮೊದಲ ಮಗಳು ಗೌರಿ. ಹೆಸರಾಂತ ಶಾಲೆಗೆ ಹಾಕಿದ್ದರು. ಯುಕೆಜಿಯ ಪರೀಕ್ಷೆಯ ದಿನ ಮೈ ಬೆಚ್ಚಗಿತ್ತು. ಪರೀಕ್ಷೆ ತಪ್ಪಿಸಿದರೆ ಒಂದನೇ ಇಯತ್ತೆಗೆ ಸೀಟಿಲ್ಲ ಎಂದು ಶಾಲೆಯವರು ಮೊದಲೇ ಹೇಳಿದ್ದರು. ಸುಜಾತಾ ಮಾತ್ರೆ ಕೊಟ್ಟು ಕಳಿಸಿದಳು. ಮಧ್ಯಾಹ್ನ ಮಗು ಬಂದದ್ದು ಕೆಂಡದಂಥ ಮೈಯಿಂದ. ಡೆಂಗ್ಯೂ ಎಂದರು. ವಾರ ತುಂಬುವುದರೊಳಗೆ ಹೋಗಿಬಿಟ್ಟಿತು. ಮುಂದಿನ ವರ್ಷ ಈ ಮಗು ಹುಟ್ಟಿತು. ಹೋದವರ ಹೆಸರನ್ನು ಹುಟ್ಟಿದವರಿಗೆ ಇಡುವುದು ನಮ್ಮ ಕಡೆ ಹೊಸದಲ್ಲ, ನನ್ನ ಹೆಸರೂ ನಮ್ಮ ಅಜ್ಜಿಯದೇ. ಆದರೆ ಈ ಮನೆಯಲ್ಲಿ ಹೆಸರಿನ ಜೊತೆಗೆ ಹಾಸಿಗೆ, ಅಂಗಿ, ಎಡಗೈ, ಕತ್ತಲಿನ ಅಂಜಿಕೆ ಎಲ್ಲವನ್ನೂ ಈ ಕೂಸಿಗೆ ಉಡಿಸಿದ್ದರು. ಫೋಟೋಕ್ಕೆ ಹಾರ ಹಾಕಿರಲಿಲ್ಲ. ತಿರುಗಿ ಬಂದವಳಿಗೆ ಹಾರ ಯಾಕೆ?

"ನಿಮಗ ಗೊತ್ತಿತ್ತಲ್ಲಪ್ಪಾ, ಈಕಿ ಬ್ಯಾರೆ ಅಂತ?"

"ಗೊತ್ತಿತ್ರಿ. ಆದ್ರ ಆ ಹೆಸರ ತಗದ್ರ ನಮ್ಮವ್ವ, ಸುಜಾತಾ ಇಬ್ರೂ ಉಳೀತಾರ ಅನ್ನೂ ಧೈರ್ಯ ನನಗಿರ್ಲಿಲ್ಲ. ಸುಜಾತಾ ಆಕಿ ಹೋದಾಗ ಅತ್ತೇ ಇಲ್ರಿ ಅಕ್ಕಾರ. ಒಂದ್ ಹನಿ ಕಣ್ಣೀರ ಹಾಕಿಲ್ಲ. ಇವತ್ತಿನ ತನಕ."

ಆಟೋದಲ್ಲಿ ಬರುವಾಗ ನನಗೆ ಬೇರೇನೂ ಕಾಣಲಿಲ್ಲ, ಕೇಳಲಿಲ್ಲ. ನಾನು ವಿಜಯಪುರ, ಟಿಕೋಟಾ ಎಂದು ಅಲೆದು ಶಾಲೆ ಹುಡುಕಿದ್ದು ಈ ಮಗುವಿಗಲ್ಲ, ಮಣ್ಣಲ್ಲಿ ಮಲಗಿದ್ದ ಇನ್ನೊಂದು ಮಗುವಿಗೆ. ಎಡಗೈಗೆ ಹಾಕಿದ ಆ ಮಣೆ, ಜೋಡಿಸಿಟ್ಟ ಆ ಬಣ್ಣದ ಡಬ್ಬಿಗಳು ಕಣ್ಣ ಮುಂದೆ ಬಂದವು. ಸುಜಾತಾ ಕೇಳುತ್ತಿದ್ದದ್ದು, ಅಂದು ಜ್ವರ ಬಂದ ತನ್ನ ಕೂಸನ್ನು ಬೈಯದೆ, ಪರೀಕ್ಷೆ ಬೇಡ ಮನೆಗೆ ಹೋಗು ಎನ್ನುವ ಒಂದು ಶಾಲೆಯನ್ನು. ಅಂಥದ್ದನ್ನು ಈಗ ಎಲ್ಲಿಂದ ಹುಡುಕಿ ತರಲಿ?

ಆದರೂ ದೀಪಾವಳಿ ಹತ್ತಿರವಾಗುತ್ತಿತ್ತು. ತಾಯಿಗೆ ಉಪದೇಶ ಮಾಡಿದರೆ ಬಾಗಿಲು ಮುಚ್ಚಿಕೊಳ್ಳುತ್ತಾಳೆ, ಮಗು ಒಳಗೇ ಉಳಿಯುತ್ತದೆ. ನನಗೆ ಬೇಕಾದದ್ದು ಯಾರೂ ಆ ಮಗುವಿನ ಬಗ್ಗೆ ಮೊದಲೇ ಏನನ್ನೂ ಕೇಳಿರದ ಒಂದು ಜಾಗ. ಬಬಲೇಶ್ವರದ ರೇಣುಕಾ ನೆನಪಾದಳು. ನನ್ನ ಕೈಕೆಳಗೆ ಕೆಲಸ ಕಲಿತ ಅಂಗನವಾಡಿ ಟೀಚರ್, ಬಿಜ್ಜರಗಿಯ ಕುರಿಗಾರರ ಮನೆಯ ಮಗಳು. ಬಾಯಿಬಡಕಿ, ಗಡಿಬಿಡಿ ಸ್ವಭಾವ, ಬಿಳಿಹಾಳೆಯಲ್ಲಿ ವರದಿ ಬರೆಯೆಂದರೆ ಬೆವರುತ್ತಾಳೆ. ಆದರೆ ಅವಳ ಕೇಂದ್ರದಲ್ಲಿ ಮಕ್ಕಳು ಅಳುವುದು ಕಡಿಮೆ. ಸುಜಾತಾಳ ಕಾಲೇಜಿಗೆ ನಡೆದು ಹೋಗುವಷ್ಟು ಹತ್ತಿರ ಬೇರೆ.

ಸುಜಾತಾ ಮೊದಲು ಮುಖ ಸಿಂಡರಿಸಿದಳು. "ಅಂಗನವಾಡೀನ? ನಾವು ನೌಕರಿ ಮಂದಿ ಅಕ್ಕಾರ. ನಮ್ಮ ಮಂದಿ ಏನಂದಾರು?"

"ನಿಮ್ಮ ಮಂದಿ ಏನರೆ ಅನಲಿ, ನಿಮ್ಮ ಮಗಳು ಒಂದ್ ಮಾತು ಅನ್ನೂದು ಬೇಕಿಲ್ಲೇನ?" ಎಂದೆ. ಅವಳು ಒಪ್ಪಿದಳು. ಫೋಟೋ ನೋಡಿದೆ ಎಂದು ನಾನು ಹೇಳಲಿಲ್ಲ. ಅವಳೂ ಕೇಳಲಿಲ್ಲ, ಆದರೆ ನನಗೆ ತಿಳಿದಿದೆ ಎಂದು ಅವಳಿಗೆ ತಿಳಿದಿತ್ತು. ಮಹಾಂತೇಶ ಹೇಳಿರಬೇಕು.

ಮೊದಲ ದಿನ ನಾನೂ ಅವರ ಜೊತೆ ಬಸ್ಸಿನಲ್ಲಿ ಹೋದೆ. ಮಗುವಿನ ಬಗ್ಗೆ ರೇಣುಕಾಗೆ ಒಂದಕ್ಷರವನ್ನೂ ಹೇಳಿರಲಿಲ್ಲ, ಹೆಸರನ್ನೂ ಕೂಡ. ಹೇಳಬಾರದೆಂದು ನಿರ್ಧಾರ ಮಾಡಿ, ಮಗು ತಾನೇ ಹೇಳುವವರೆಗೆ ಹೆಸರು ಬರೆದುಕೊಳ್ಳಬೇಡ ಎಂದಿದ್ದೆ. ಅವಳ ಕೇಂದ್ರದ ಬಾಗಿಲಲ್ಲಿ ಸಣ್ಣ ಕಲ್ಲಿನ ಹರಳುಗಳ ಒಂದು ಗುಪ್ಪೆ, ಪಕ್ಕದಲ್ಲಿ ಮಣ್ಣಿನ ಗಡಿಗೆ. ಬಂದ ಮಗು ಒಂದು ಹರಳು ಎತ್ತಿ, ತನ್ನ ಹೆಸರು ಹೇಳಿ ಗಡಿಗೆಗೆ ಹಾಕಬೇಕು. ಸಂಜೆ ಹೋಗುವಾಗ ಒಂದು ಹರಳು ತೆಗೆದು ಗುಪ್ಪೆಗೆ ಹಾಕಿ ಹೋಗಬೇಕು. ಇದೇನು ಎಂದು ಸುಜಾತಾ ಕೇಳಿದಳು.

"ನಮ್ಮಪ್ಪ ಕುರಿ ಎಣಸೂ ಪದ್ಧತಿ ಇದು ಮೇಡಂ" ಎಂದಳು ರೇಣುಕಾ, ಒಬ್ಬ ಹುಡುಗನ ಮೂಗು ಒರೆಸುತ್ತಾ. "ಮುಂಜಾನೆ ಹಟ್ಟಿಯಿಂದ ಒಂದೊಂದ ಕುರಿ ಹೊರಗ ಬಿದ್ದಂಗ ಒಂದೊಂದ ಹರಳು ಗಡಗ್ಯಾಗ. ಸಂಜೀಕ ಒಂದೊಂದ ಒಳಗ ಬಂದಂಗ ಒಂದೊಂದ ಹರಳು ಹೊರಗ. ಗಡಗಿ ಬರಿದಾತಂದ್ರ ಎಲ್ಲಾ ಬಂದಾವ ಅಂತ. ಹರಳು ಉಳೀತಂದ್ರ ಒಂದು ತಿರಗಿ ಬಂದಿಲ್ಲ ಅಂತ. ನಮ್ಮಪ್ಪ ಆಮ್ಯಾಲೆ ಊಟಾನೂ ಮಾಡ್ತಿದ್ದಿಲ್ರಿ, ಕಂದೀಲು ಹಿಡದು ಹೊಂಟಬಿಡತಿದ್ದ."

ಸುಜಾತಾ ಗಡಿಗೆಯೊಳಗೊಮ್ಮೆ ಇಣುಕಿ ನೋಡಿ ಕಾಲೇಜಿಗೆ ಹೊರಟಳು.

ಆ ದಿನ ಮಗು ಹರಳು ಎತ್ತಲಿಲ್ಲ, ಒಳಗೂ ಹೋಗಲಿಲ್ಲ, ಹೊಸ್ತಿಲ ಮೇಲೇ ಕುಳಿತಳು. ಮರುದಿನವೂ ಹಾಗೇ. ರೇಣುಕಾ ಅವಳನ್ನು ದಾಟಿಕೊಂಡು ಓಡಾಡುತ್ತಿದ್ದಳು, ಒಮ್ಮೆ ಕಾಲು ತಾಗಿ "ಅಯ್ಯ, ತಪ್ಪಾತ ನನ್ನವ್ವಾ" ಎಂದದ್ದು ಬಿಟ್ಟರೆ ಬಲವಂತ ಮಾಡಲಿಲ್ಲ. ಹೆಸರು ಕೇಳಿದರೆ ಉತ್ತರ ಬಾರದಿದ್ದಾಗ, "ಆತು ಬಿಡು, ಮನಸ್ಸಿದ್ದಾಗ ಹೇಳು" ಎನ್ನುತ್ತಿದ್ದಳು. ಮಧ್ಯಾಹ್ನ ಎಲ್ಲರ ಜೊತೆ ಊಟಕ್ಕೆ ಮಾತ್ರ ಒಳಗೆ ಹೋಗಿ, ಗೋಡೆಗೆ ಒರಗಿ ಕುಳಿತು, ತಟ್ಟೆ ಖಾಲಿ ಮಾಡಿ, ಮತ್ತೆ ಹೊಸ್ತಿಲಿಗೆ ಬರುತ್ತಿದ್ದಳು. ದಿನವಿಡೀ ಹರಳುಗಳನ್ನು ನೋಡುತ್ತಿದ್ದಳು.

ಮುಂದಿನ ವಾರ ಬಬಲೇಶ್ವರದ ಸಂತೆಯ ದಿನ ನಾನು ಮತ್ತೆ ಹೋದೆ. ಬಸ್ಸಿಳಿದು ಸಂತೆಯ ಗದ್ದಲ ದಾಟಿ ಬಂದಾಗ ಸುಜಾತಾ ಅಲ್ಲೇ ಇದ್ದಳು, ಕಾಲೇಜಿನಲ್ಲಿ ಮೊದಲ ತಾಸು ಇರಲಿಲ್ಲವಂತೆ. ನಾವಿಬ್ಬರೂ ಕಿಟಕಿಯ ಹೊರಗೆ ನಿಂತಿದ್ದೆವು. ಮಕ್ಕಳು ಒಬ್ಬೊಬ್ಬರಾಗಿ ಕೂಗಿ ಹೆಸರು ಹೇಳಿ ಹರಳು ಹಾಕಿದರು. ಎಲ್ಲರದೂ ಆದ ಮೇಲೆ ಹೊಸ್ತಿಲ ಮೇಲಿದ್ದ ಮಗು ಎದ್ದಳು. ಗುಪ್ಪೆಯ ಹತ್ತಿರ ಹೋಗಿ ಬಲಗೈಯಿಂದ ಆರಿಸಿ ಆರಿಸಿ ಎರಡು ಹರಳು ಎತ್ತಿಕೊಂಡಳು.

"ಒಂದ ಸಾಕಲ್ಲ ನನ್ನವ್ವಾ" ಎಂದಳು ರೇಣುಕಾ.

ಮಗು ಒಂದು ಹರಳನ್ನು ಗಡಿಗೆಗೆ ಹಾಕಿದಳು. "ಇದು ಗೌರೀದು."

ಆ ಧ್ವನಿ ನಾನು ಅಂದುಕೊಂಡಷ್ಟು ಸಣ್ಣದಿರಲಿಲ್ಲ. ಸ್ವಲ್ಪ ಒರಟು, ಬಳಸದೆ ಇಟ್ಟ ಬಾಗಿಲಿನಂತೆ. ಸುಜಾತಾ ಕಿಟಕಿಯ ಸರಳು ಹಿಡಿದಳು.

"ಇದು ನಂದು" ಎಂದು ಎರಡನೆಯದನ್ನೂ ಹಾಕಿದಳು.

"ಹೌದ? ಗೌರಿ ಯಾರು?" ರೇಣುಕಾಗೆ ಏನೂ ಗೊತ್ತಿರಲಿಲ್ಲವಲ್ಲ, ಸಹಜವಾಗಿ ಕೇಳಿದಳು.

"ಫೋಟೋದಾಗ ಇರ್ತಾಳ."

"ಮತ್ತ ನಿನ್ನ ಹೆಸರೇನ?"

ಮಗು ಯೋಚಿಸಿದಳು. ಸುಳ್ಳು ಹೇಳಬಾರದು ಎಂಬಂತೆ ನಿಧಾನವಾಗಿ ಉತ್ತರಿಸಿದಳು. "ನಂಗ ಹೆಸರಿಲ್ಲ."

ರೇಣುಕಾ ಕಿಟಕಿಯ ಹೊರಗಿದ್ದ ನನ್ನ ಕಡೆ ನೋಡಿದಳು. ಸುಜಾತಾ ಆ ದಿನ ಕಾಲೇಜಿಗೆ ಹೋಗಲಿಲ್ಲ. ಕೇಂದ್ರದ ಹಿಂದಿನ ಬೇವಿನ ಕೆಳಗೆ ಕುಳಿತಳು. ನಾನು ನೀರು ಕೊಟ್ಟೆ, ಕುಡಿಯಲಿಲ್ಲ. ಸಂತೆಯಿಂದ ಜೀಪುಗಳು ಹೋಗುವ ಸದ್ದು, ಒಳಗಿನಿಂದ ಮಕ್ಕಳ ಗಲಾಟೆ. ಆ ಗಲಾಟೆಯಲ್ಲಿ ಆಗಾಗ ಆ ಒರಟು ಧ್ವನಿಯೂ ಕೇಳುತ್ತಿತ್ತು. ಕೇಳಿದಾಗಲೆಲ್ಲ ಸುಜಾತಾ ತಲೆ ಎತ್ತುತ್ತಿದ್ದಳು.

ಕೇಂದ್ರ ಬಿಡುವ ಹೊತ್ತಾಯಿತು. ಮಕ್ಕಳು ಒಂದೊಂದು ಹರಳು ತೆಗೆದು ಗುಪ್ಪೆಗೆ ಎಸೆದು ಓಡಿದರು. ಕೊನೆಗೆ ನಮ್ಮ ಮಗು ಗಡಿಗೆಗೆ ಕೈ ಹಾಕಿ ಒಂದೇ ಹರಳು ತೆಗೆದಳು. ರೇಣುಕಾ ರೂಢಿಯಂತೆ ಗಡಿಗೆಯೊಳಗೆ ಇಣುಕಿದಳು.

"ಒಂದ ಉಳೀತಲ್ಲ ಕೂಸ?"

"ಗೌರಿ ತಿರಗಿ ಬಂದಿಲ್ಲ" ಎಂದಳು ಮಗು.

ಸುಜಾತಾ ಅಷ್ಟರಲ್ಲಿ ಬಾಗಿಲಿಗೆ ಬಂದಿದ್ದಳು. ಹೊಸ್ತಿಲ ಮೇಲೆ, ಮಗು ದಿನಾ ಕೂಡುತ್ತಿದ್ದ ಅದೇ ಜಾಗದಲ್ಲಿ ಕುಸಿದಳು. "ಬಂದಿಲ್ರಿ ಅಕ್ಕಾರ" ಎಂದಳು. "ನನ್ನ ಕೂಸ ಬಂದಿಲ್ಲ. ನಾನ ಕಳಿಸಿದ್ದೆ. ಗುಳಿಗಿ ಕೊಟ್ಟು ನಾನ ಕಳಿಸಿದ್ದೆ. ಬರ್ಲೇ ಇಲ್ಲ." ಆಮೇಲೆ ಅತ್ತಳು. ಅಷ್ಟು ವರ್ಷಗಳಿಂದ ತಡೆದಿಟ್ಟ ಅಳು ಹೇಗಿರುತ್ತದೆ ಎಂದು ನಾನು ಇಲ್ಲಿ ಬರೆಯಲಾರೆ. ಪಕ್ಕದ ಮನೆಗಳ ಹೆಂಗಸರು ಬಂದು ನಿಂತರು, ಯಾಕೆಂದು ಯಾರೂ ಕೇಳಲಿಲ್ಲ. ಮಗು ಮೊದಲು ದೂರ ನಿಂತು ನೋಡಿ, ಆಮೇಲೆ ಹತ್ತಿರ ಬಂದು ಅವ್ವನ ಬೆನ್ನ ಮೇಲೆ ಕೈ ಇಟ್ಟಳು. ಯಾವ ಕೈ ಎಂದು ನಾನು ನೋಡಿದೆ. ಬಲಗೈ.

ಮಗುವಿಗೆ ಅವಳದೇ ಹೆಸರಿಡುವ ವಿಷಯ ಸುಲಭವಾಗಿ ಬಗೆಹರಿಯಲಿಲ್ಲ. ಗಂಗಮ್ಮ ಪಟ್ಟು ಹಿಡಿದರು. "ಈಕಿ ಹೆಸರ ತಗದ್ರ ಆಕಿ ಮತ್ತೊಮ್ಮೆ ಸಾಯ್ತಾಳ ಬೇ. ಎರಡನೇ ಸಲ ನಾ ಹೊತಗೊಂಡು ಹೋಗ್ಲಾರೆ" ಎಂದರು. ಮೊದಲ ಬಾರಿ ಮನೆಯಲ್ಲಿ ದನಿ ಎತ್ತಿದವನು ಮಹಾಂತೇಶ. "ಅವ್ವಾ, ಒಬ್ಬಾಕೀನ್ನ ಉಳಿಸಾಕ ಹೋಗಿ ಇಬ್ಬರೂ ಹೋಗ್ತಾರ" ಎಂದ. ದೀಪಾವಳಿಯ ಪಾಡ್ಯದ ದಿನ ಅವನ ಅಕ್ಕ ಬಂದಳು. ಐದು ವರ್ಷಕ್ಕೆ ಬಂದ ಮಗುವನ್ನು ತೊಡೆಯ ಮೇಲೆ ಕೂಡಿಸಿಕೊಂಡು, ತೊಟ್ಟಿಲ ಕೂಸಿಗೆ ಮಾಡುವಂತೆ ಕಿವಿಯಲ್ಲಿ ‘ಕುರ್ರ್’ ಎಂದು ಹೊಸ ಹೆಸರು ಹೇಳಿದಳು. ನೆರೆದ ಹೆಂಗಸರು ಪದ್ಧತಿಯಂತೆ ನಗುತ್ತಾ ಸೋದರತ್ತೆಯ ಬೆನ್ನಿಗೆ ಗುದ್ದಿದರು. ಮಗು ಕಿಲಕಿಲ ನಕ್ಕಳು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ, ಬದಲಿಸಿಯೂ ಬರೆಯುವುದಿಲ್ಲ. ಅದು ಅವಳದು.

ಅದೇ ದಿನ ಫೋಟೋಕ್ಕೆ ಹಾರ ಬಿತ್ತು. ಗಂಗಮ್ಮ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಈಗಲೂ ಅವರು ದೀಪ ಹಚ್ಚುವ ಹೊತ್ತಿಗೆ ಬಾಗಿಲಿಗೆ ಬಂದು, "ಗೌರೀ, ಬಾ ಯವ್ವಾ, ಕತ್ತಲಾತು" ಎಂದು ಓಣಿಯ ಕಡೆ ಕೂಗುತ್ತಾರೆ. ಮಗು ಹೋಗಿ ಅವರ ಕೈ ಹಿಡಿದು, "ಅಜ್ಜಿ, ಆಕಿ ಇಲ್ಲ. ನಾ ಅದೇನಿ" ಎನ್ನುತ್ತಾಳೆ. ಅಜ್ಜಿ ಒಳಗೆ ಬರುತ್ತಾರೆ, ಮರುದಿನ ಮತ್ತೆ ಕೂಗುತ್ತಾರೆ.

ಈ ಪ್ರಕರಣದ ನಂತರ ನನ್ನ ಕೆಲಸದ ರೀತಿ ಬದಲಾಯಿತು. ಎಂಥ ಶಾಲೆ ಬೇಕು ಎಂದು ಈಗ ನಾನು ಮೊದಲು ಕೇಳುವುದಿಲ್ಲ. ಮಗುವನ್ನು ನೆಲದ ಮೇಲೆ ಆಡಲು ಬಿಟ್ಟು, ತಂದೆತಾಯಿಯ ಬಾಯಿಗೆ ಬೀಗ ಹಾಕಿಸಿ, ಸುಮ್ಮನೆ ನೋಡುತ್ತೇನೆ. ಬೇರೆ ಥರದ ಶಾಲೆ ಬೇಕೆಂದು ಬರುವ ಪ್ರತಿಯೊಬ್ಬರ ಬೆನ್ನ ಹಿಂದೆ ಇನ್ನೊಂದು ಮಗು ನಿಂತಿರುತ್ತದೆ. ಹಲವು ಸಲ ಅದು ಅವರದೇ ಬಾಲ್ಯ, ಮಾಸ್ತರರ ಕೈಯಲ್ಲಿ ಏಟು ತಿಂದು ಬೆಂಚಿನ ಮೇಲೆ ನಿಂತದ್ದು. ಆ ಮಗುವಿಗೂ ಅನ್ಯಾಯವಾಗಿರುತ್ತದೆ, ನಿಜ. ಆದರೆ ಅದಕ್ಕೆ ಈಗ ಶಾಲೆ ಹುಡುಕಲಾಗದು. ಎದುರಿಗೆ ಕುಳಿತ ಮಗುವಿಗೆ ಹುಡುಕಬಹುದು. ಆಟದ ಸಾಮಾನು, ಪದ್ಧತಿ, ಜಾಗ ಇವೆಲ್ಲ ಓಡಾಡಿದರೆ ಸಿಗುತ್ತವೆ. ಎರಡು ಮಕ್ಕಳನ್ನು ಬೇರೆ ಬೇರೆ ಮಾಡಿ ನೋಡುವುದೇ ನಿಜವಾದ ಕೆಲಸ ಎಂದು ನನಗೆ ಕಲಿಸಿದ್ದು ಆ ಮನೆ.

ಒಂದು ಮಾತು ಉಳಿಯಿತು. ಆ ಹರಳನ್ನು ರೇಣುಕಾ ಗಡಿಗೆಯಿಂದ ತೆಗೆಯಲಿಲ್ಲ. ಮರುದಿನದಿಂದ ಮಗು ತನ್ನದೊಂದನ್ನೇ ಹಾಕಿದಳು, ತನ್ನದೊಂದನ್ನೇ ತೆಗೆದಳು. ಉಳಿದ ಮಕ್ಕಳಿಗೂ ಅದು ಅಭ್ಯಾಸವಾಯಿತು. ಸಂಜೆ ಗಡಿಗೆಯ ತಳದಲ್ಲಿ ಒಂದು ಹರಳು ಇರುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ಅವಳು ಅಲ್ಲಿದ್ದಷ್ಟು ಕಾಲ ಆ ಗಡಿಗೆ ಒಂದು ದಿನವೂ ಬರಿದಾಗಲಿಲ್ಲ. ಕಟ್ಟಕಡೆಗೆ ಆರು ತುಂಬಿ, ಒಂದನೇ ಇಯತ್ತೆಗೆ ಹೋಗಲೆಂದು ಅವಳು ಅಂಗನವಾಡಿ ಬಿಡುವ ದಿನ ನಾನೂ ಬಬಲೇಶ್ವರಕ್ಕೆ ಹೋಗಿದ್ದೆ. ಅವಳು ತನ್ನ ಹರಳು ತೆಗೆದು ಗುಪ್ಪೆಗೆ ಹಾಕಿದಳು. ಆಮೇಲೆ ಮತ್ತೆ ಗಡಿಗೆಗೆ ಕೈ ಇಳಿಸಿ, ತಳದಲ್ಲಿದ್ದ ಆ ಇನ್ನೊಂದನ್ನೂ ತೆಗೆದು, ಅಂಗಿಗೆ ಒರೆಸಿ, ಸುಜಾತಾಳ ಅಂಗೈಯಲ್ಲಿ ಇಟ್ಟಳು.

"ಇದನ್ನ ಮನೀಗೆ ಒಯ್ಯೂಣು ಅವ್ವಾ" ಎಂದಳು. "ರಾತ್ರಿ ಇಲ್ಲಿ ದೀಪ ಇರಂಗಿಲ್ಲ. ನಂಗೇನ ಅಂಜಿಕಿ ಇಲ್ಲ, ಆಕಿ ಅಂಜತಾಳ."